ಸುರತ್ಕಲ್‌ನಲ್ಲಿ ಬಾಡಿಗೆ ಮನೆ: ಸಮುದ್ರ ಕೇಳಿಸಿದರೆ ಸಾಕು, ಕಾಣುವುದು ಬೇಡ

ಮಂಗಳೂರಿಗೆ ವರ್ಗವಾಗಿ, ಮಕ್ಕಳನ್ನು ಕಟ್ಟಿಕೊಂಡು ಬರುವವರು, "ಸಮುದ್ರದ ಹತ್ತಿರ, ಗಲಾಟೆಯಿಲ್ಲದ ಕಡೆ ಮನೆ ಬೇಕು" ಎನ್ನುವವರು ಇದನ್ನು ಓದಬಹುದು. ನಾನು ದಾವಣಗೆರೆಯವನು, ಬ್ಯಾಂಕಿನ ನೌಕರ. ಮನೆ ಸಾಲದ ಕಡತ ನೋಡುವುದೇ ಕೆಲಸವಾದ್ದರಿಂದ ಯಾವ ಮನೆಗೆ ಹೋದರೂ ಕಣ್ಣು ಮೊದಲು ತಾರಸಿ, ಬಾವಿ, ಗೋಡೆಯ ಬುಡದ ಕಡೆಗೆ ಹೋಗುತ್ತದೆ. ಹೆಂಡತಿ, ಇಬ್ಬರು ಮಕ್ಕಳು, ಅಮ್ಮ ಮತ್ತು ನಾನು ಸುರತ್ಕಲ್‌ನಲ್ಲಿ ಹೆದ್ದಾರಿಗೂ ರೈಲು ಹಳಿಗೂ ನಡುವಿನ ಬಡಾವಣೆಯೊಂದರ ಮೊದಲ ಮಹಡಿಯಲ್ಲಿದ್ದೇವೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಊರು ಒಳ್ಳೆಯದು, ಬನ್ನಿ. ಆದರೆ ಕಿಟಕಿಯಿಂದ ಸಮುದ್ರ ಕಾಣುವ ಮನೆಯನ್ನು ಮಾತ್ರ ಹಿಡಿಯಬೇಡಿ.

ನಮಗೂ ಮೊದಲು ತೋರಿಸಿದ್ದು ಅಂಥದ್ದನ್ನೇ. ಸುರತ್ಕಲ್‌ನದೇ ಭಾಗವಾದ ಇಡ್ಯದ ಕಡೆ ಒಂದು ವಸತಿ ಸಮುಚ್ಚಯ. ಬಾಲ್ಕನಿಯಲ್ಲಿ ನಿಂತರೆ ಅರಬ್ಬೀ ಸಮುದ್ರ, ದೂರದಲ್ಲಿ ಬಂದರಿಗೆ ಸರದಿ ಕಾಯುವ ಹಡಗುಗಳು. ಮಗಳು ಕುಣಿದಳು. ನಾನು ಬಾಲ್ಕನಿಯ ಕಬ್ಬಿಣದ ಸರಳನ್ನು ಮುಟ್ಟಿದೆ. ಬಣ್ಣದ ಸಮೇತ ಒಂದು ಪದರ ಕೈಗೆ ಬಂತು. ಅದೇ ಸಂಜೆ ಈಗಿನ ಮನೆಯನ್ನು ನೋಡಲು ಹೋದಾಗ ಯಜಮಾನಿ ಅಕ್ಕ ಕೇಳಿದ ಮಾತು ಯಾವ ಇಂಜಿನಿಯರ್ ವರದಿಗೂ ಕಡಿಮೆಯಿಲ್ಲ: "ಸಮುದ್ರ ನೋಡಲಿಕ್ಕೆ ನಡೆದುಕೊಂಡು ಹೋಗಬಹುದು ಸರ್. ಸಿಹಿನೀರಿನ ಬಾವಿ ಎಲ್ಲಿಂದ ತರುತ್ತೀರಿ ಮಾರಾಯ್ರೆ?"

ಬಾವಿಯ ಮಾತು ಸುಮ್ಮನೆ ಬಂದದ್ದಲ್ಲ. ಸುರತ್ಕಲ್ ಇರುವುದು ಮಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ. ನಗರದ ಕುಡಿಯುವ ನೀರು ನೇತ್ರಾವತಿಗೆ ಅಡ್ಡ ಕಟ್ಟಿದ ತುಂಬೆ ಅಣೆಕಟ್ಟಿನಿಂದ ಬರಬೇಕು. ಮುಂಗಾರು ತಡವಾದ ವರ್ಷ ಅಲ್ಲಿ ಮಟ್ಟ ಇಳಿದು, 2019ರಲ್ಲೂ 2023ರಲ್ಲೂ ಆದಂತೆ, ನೀರಿನ ಸರದಿ ಶುರುವಾಗುತ್ತದೆ. ಆಗ ಅಂಗಳದ ಬಾವಿಯೇ ಗತಿ. ದಡಕ್ಕೆ ತೀರಾ ಹತ್ತಿರದ ಬಾವಿಗಳಲ್ಲಿ ಬೇಸಿಗೆಯ ಕೊನೆಗೆ ಉಪ್ಪು ಏರುತ್ತದೆ. ನಮ್ಮ ಬಾವಿಯನ್ನು ಮುರಕಲ್ಲು, ಅಂದರೆ ಇಲ್ಲಿನ ಕೆಂಪು ಜಂಬಿಟ್ಟಿಗೆ ಕಲ್ಲು, ಕಡಿದು ತೋಡಿದ್ದಾರೆ. ಮೇ ತಿಂಗಳಲ್ಲಿ ತಳ ಕಂಡರೂ ನೀರು ಸಿಹಿಯೇ. ಮನೆ ನೋಡಲು ಬಂದವರು ಅಡುಗೆಮನೆಯ ನಲ್ಲಿ ತಿರುಗಿಸಿ ಸುಮ್ಮನಾಗುತ್ತಾರೆ. ಬಾವಿಯಿಂದ ಒಂದು ಕೊಡ ಎತ್ತಿಸಿ ಬಾಯಿಗೆ ಹಾಕಿ ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ತುಕ್ಕಿನ ವಿಷಯ ಹೇಳಲೇಬೇಕು. ಸಮುದ್ರದಿಂದ ಒಂದು ಕಿಲೋಮೀಟರಿಗೂ ಹೆಚ್ಚು ಒಳಗಿದ್ದರೂ ಉಪ್ಪುಗಾಳಿ ನಮ್ಮನ್ನು ಪೂರ್ತಿ ಬಿಟ್ಟಿಲ್ಲ. ಸ್ಕೂಟರಿನ ಸೈಲೆನ್ಸರ್, ಗೇಟಿನ ಕೀಲು, ಗ್ಯಾಸ್ ಒಲೆಯ ಅಡಿಭಾಗ ಎಲ್ಲದರಲ್ಲೂ ಕೆಂಪು ಚುಕ್ಕೆ. ಆದರೆ ಇದು ನಿಧಾನದ ಸಾಲ. ಎಣ್ಣೆ, ಬಣ್ಣ ಹಚ್ಚಿಕೊಂಡು ತೀರಿಸಬಹುದು. ದಡದ ಮೇಲಿರುವ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಏಸಿಯ ಹೊರಗಿನ ಪೆಟ್ಟಿಗೆ ವಾರಂಟಿ ಮುಗಿಯುವುದಕ್ಕೂ ಕಾಯಲಿಲ್ಲ. ಬಾಡಿಗೆಗಲ್ಲ, ಕೊಳ್ಳುವುದಕ್ಕೇ ಬಂದವರಾದರೆ ಇನ್ನೂ ಒಂದು: ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಕರಾವಳಿ ನಿಯಂತ್ರಣ ವಲಯ. ಅಲ್ಲಿ ಕಟ್ಟಲು, ಮೇಲೆ ಮಹಡಿ ಏರಿಸಲು ಬೇರೆಯೇ ನಿಯಮಗಳಿವೆ. ಜಾಹೀರಾತಿನಲ್ಲಿ ಸೂರ್ಯಾಸ್ತದ ಚಿತ್ರವಿರುತ್ತದೆ, ಈ ಸಾಲು ಇರುವುದಿಲ್ಲ.

ಮಳೆಗಾಲದ ಬಗ್ಗೆ ಬಯಲುಸೀಮೆಯವರಿಗೆ ಎಷ್ಟು ಹೇಳಿದರೂ ಅರ್ಥವಾಗುವುದಿಲ್ಲ. ದಾವಣಗೆರೆಯಲ್ಲಿ ಇಡೀ ವರ್ಷ ಬೀಳುವಷ್ಟು ಮಳೆ ಇಲ್ಲಿ ಜುಲೈ ಮುಗಿಯುವುದರೊಳಗೆ ಬಿದ್ದಿರುತ್ತದೆ. ಬೆಲ್ಟು, ಚಪ್ಪಲಿ, ಬೀರುವಿನೊಳಗಿನ ರೇಷ್ಮೆ ಸೀರೆ ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲುತ್ತದೆ. ಅಮ್ಮ ಮಾರ್ಚ್‌ನಲ್ಲೇ ತಾರಸಿಯ ಮೇಲೆ ಸಂಡಿಗೆ ಇಟ್ಟರು. ಬಿಸಿಲೇನೋ ಇತ್ತು, ಗಾಳಿಯಲ್ಲೇ ಪಸೆ. "ಇದು ಬಿಸಿಲಲ್ಲ, ಹಬೆ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಬಂದವರು ಅಂದಿನಿಂದ ಹಪ್ಪಳ, ಸಂಡಿಗೆಗಳನ್ನು ಊರಿನಿಂದಲೇ ಬಸ್ಸಿನಲ್ಲಿ ತರಿಸುತ್ತಾರೆ. ಬೇಸಿಗೆಯ ಸೆಕೆಗಂತೂ ಅವರು ಸೊನ್ನೆ ಅಂಕ ಕೊಟ್ಟಿದ್ದಾರೆ. ಮಕ್ಕಳ ಲೆಕ್ಕ ಬೇರೆ. ಜೋರು ಮಳೆಯ ರಾತ್ರಿ ಅವರಿಗೆ ಜಿಲ್ಲಾಧಿಕಾರಿಗಿಂತ ದೊಡ್ಡ ದೇವರಿಲ್ಲ. ರಜೆ ಘೋಷಣೆಯ ಸಂದೇಶ ಬರುವವರೆಗೆ ಯಾರೂ ಮಲಗುವುದಿಲ್ಲ.

ಅಮ್ಮನನ್ನು ಈ ಊರಿಗೆ ಒಗ್ಗಿಸಿದವರು ನೆರೆಹೊರೆಯವರು. ತುಳುವರ ಮಳೆಗಾಲದ ತಿಂಗಳಾದ ಆಟಿಯ ಅಮಾವಾಸ್ಯೆಯ ಬೆಳಗ್ಗೆ ಯಜಮಾನಿ ಅಕ್ಕ ಹಾಲೆ ಮರದ ತೊಗಟೆಯ ಕಷಾಯ ತಂದು, ಖಾಲಿ ಹೊಟ್ಟೆಯಲ್ಲಿ ಕುಡಿಯಲೇಬೇಕೆಂದು ಎದುರಿಗೇ ನಿಂತರು. ಅಮ್ಮ ಕುಡಿದರು, ಆ ಕಹಿಗೆ ಮುಖ ಹೇಗಾಯಿತೆಂದು ಬರೆಯುವ ಧೈರ್ಯ ನನಗಿಲ್ಲ. ಅದೇ ತಿಂಗಳು ಕೆಸುವಿನೆಲೆಯ ಪತ್ರೊಡೆ ಬಂತು, ಹಲಸಿನೆಲೆಯಲ್ಲಿ ಬೇಯಿಸಿದ ಕೊಟ್ಟಿಗೆ ಎಂಬ ಕಡುಬು ಬಂತು. ಇಲ್ಲಿಂದ ರೊಟ್ಟಿ, ಶೇಂಗಾ ಚಟ್ನಿ ಹೋಯಿತು. ಎದುರು ಮನೆಯವರ ಮಾತು ಬ್ಯಾರಿ, ಪಕ್ಕದವರದು ಕೊಂಕಣಿ, ಬೀದಿಯದು ತುಳು. ನಮ್ಮನ್ನು ಕಂಡರೆ ಎಲ್ಲರೂ ಕನ್ನಡಕ್ಕೆ ಹೊರಳುತ್ತಾರೆ. ಮಗ ಮಾತ್ರ ಆಟದ ಬಯಲಲ್ಲಿ ತುಳುವಿನಲ್ಲೇ ಜಗಳವಾಡುವಷ್ಟು ಪಳಗಿದ್ದಾನೆ.

ನಮ್ಮ ಮನೆಯಲ್ಲಿ ಮೀನು ಬೇಯಿಸುವುದಿಲ್ಲ, ಆದರೂ ಮೀನಿನ ಸ್ಕೂಟರಿನ ಹಾರ್ನ್ ಕೇಳಿದರೆ ಹೊತ್ತೆಷ್ಟೆಂದು ಗೊತ್ತಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ಬೂತಾಯಿ, ಬಂಗುಡೆಯ ಬೆಲೆ ಕೇಳಿ ಎದುರು ಮನೆಯವರು ನಿಟ್ಟುಸಿರು ಬಿಡುವುದು ನಮ್ಮ ಅಡುಗೆಮನೆಗೂ ಕೇಳುತ್ತದೆ.

ಓಡಾಟಕ್ಕೆ ತೊಂದರೆಯಿಲ್ಲ. ಹೆದ್ದಾರಿ 66ರಲ್ಲಿ ಮಂಗಳೂರಿಗೂ ಉಡುಪಿಗೂ ಖಾಸಗಿ ಬಸ್ಸುಗಳು ಒಂದರ ಬೆನ್ನಿಗೊಂದು ಬರುತ್ತವೆ. ಜನ ವರ್ಷಗಟ್ಟಲೆ ಹೋರಾಡಿದ ಮೇಲೆ ಟೋಲ್ ವಸೂಲಿ 2022ರ ಡಿಸೆಂಬರ್‌ನಲ್ಲಿ ನಿಂತಿದೆ. ಶಾಲೆ, ಕಾಲೇಜು ಊರಿನೊಳಗೇ ಇವೆ. 1960ರಲ್ಲಿ ಶುರುವಾದ ಇಂಜಿನಿಯರಿಂಗ್ ಕಾಲೇಜು, ಈಗಿನ ಎನ್‌ಐಟಿಕೆ, ಇರುವುದರಿಂದ ಪುಸ್ತಕದಂಗಡಿ, ಊಟದ ಮನೆಗಳಿಗೂ ಕೊರತೆಯಿಲ್ಲ.

ಕಡಲತೀರಕ್ಕೆ ಭಾನುವಾರ ಸಂಜೆ ನಡೆದೇ ಹೋಗುತ್ತೇವೆ. ದೀಪಸ್ತಂಭ, ಬಂಡೆಗಳು, ಸದಾಶಿವ ದೇವಸ್ಥಾನ ಎಲ್ಲ ಚೆನ್ನ. ಆದರೆ ನೀರಿಗೆ ಇಳಿಯುವ ತೀರ ಇದಲ್ಲ. ಸೆಳೆತ ಮೋಸದ್ದು, ಸ್ಥಳೀಯರೇ ಮೊಣಕಾಲಿನ ಆಚೆಗೆ ಹೋಗಬೇಡಿ ಎನ್ನುತ್ತಾರೆ. ಮಕ್ಕಳು ನೀರಾಡಲು ಹಟ ಮಾಡಿದರೆ ಉತ್ತರಕ್ಕೆ ಪಡುಬಿದ್ರಿಗೆ ಕರೆದುಕೊಂಡು ಹೋಗುತ್ತೇನೆ. ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ತೀರ ಅದು.

ಇನ್ನು "ಶಾಂತ" ಎಂಬುದಕ್ಕೆ ಎರಡು ಷರಾ. ರಾತ್ರಿ ಗಾಳಿ ತಿರುಗಿದರೆ ಕೈಗಾರಿಕಾ ಪ್ರದೇಶದ ಕಡೆಯಿಂದ ಆಗಾಗ ಕೆಟ್ಟ ವಾಸನೆ ಬರುತ್ತದೆ. ಉಬ್ಬಸದವರು ಮನೆಯಲ್ಲಿದ್ದರೆ ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಎರಡನೆಯದು, 2022ರ ಜುಲೈಯಲ್ಲಿ ಮತೀಯ ಉದ್ವಿಗ್ನತೆಯ ನಡುವೆ ಇಲ್ಲಿ ಕೊಲೆಯೊಂದು ನಡೆದು ನಿಷೇಧಾಜ್ಞೆ ಬಿತ್ತು, ಸಂಜೆಯಾಗುತ್ತಲೇ ಅಂಗಡಿಗಳ ಬಾಗಿಲು ಮುಚ್ಚಿಸಿದರು. ದಿನನಿತ್ಯದ ಬದುಕಿನಲ್ಲಿ ಅದರ ಸುಳಿವೂ ಇಲ್ಲ, ಆದರೆ ಮನೆ ಕೇಳಲು ಹೋದಾಗ "ನೀವು ಯಾವ ಜನ?" ಎಂಬ ಪ್ರಶ್ನೆ ಬಾಡಿಗೆಯ ಮೊತ್ತಕ್ಕಿಂತ ಮೊದಲು ಬರುತ್ತದೆ. ನನಗದು ಹಿಡಿಸಲಿಲ್ಲ. ನಮ್ಮ ಯಜಮಾನಿ ಅಕ್ಕ ಕೇಳಿದ್ದು ಮಕ್ಕಳು ಎಷ್ಟನೆಯ ತರಗತಿ ಎಂದು ಮಾತ್ರ. ರೈಲಿನ ಸದ್ದನ್ನು ನಾನು ದೂರು ಎನ್ನುವುದಿಲ್ಲ. ಲಾರಿಗಳನ್ನೇ ಬೆನ್ನ ಮೇಲೆ ಹೊತ್ತು ಮಹಾರಾಷ್ಟ್ರದ ಕೋಲಾಡದ ಕಡೆಗೆ ಹೊರಡುವ ಕೊಂಕಣ ರೈಲನ್ನು ನೋಡಲು ಮಗ ತಾರಸಿಗೆ ಓಡುತ್ತಾನೆ.

ಬರುವುದೆಂದು ಗಟ್ಟಿಯಾದರೆ ಮನೆಯನ್ನು ಡಿಸೆಂಬರ್‌ನಲ್ಲಿ ನೋಡಬೇಡಿ, ಆಗ ಇಲ್ಲಿ ಎಲ್ಲ ಮನೆಗಳೂ ಚಂದ. ಜುಲೈಯಲ್ಲಿ, ಮಳೆ ಹೊಯ್ಯುತ್ತಿರುವಾಗ ಬನ್ನಿ. ಪಡುವಣ ಗೋಡೆಗೆ ಅಂಗೈ ಇಟ್ಟು ನೋಡಿ, ಗೋಡೆಯೊಳಗಿನ ಕಪಾಟನ್ನು ತೆರೆದು ಮೂಸಿ ನೋಡಿ, ಕರೆಂಟ್ ಹೋದರೆ ಬಾವಿಯ ಪಂಪ್‌ಗೆ ಏನು ವ್ಯವಸ್ಥೆ ಎಂದು ಕೇಳಿ. ಮುಂಗಡ ಕೊಡುವ ಮಾತು ಆಮೇಲೆ.