ಇಂಗ್ಲಿಷಿಗೆಂದು ತಂದದ್ದು ಕನ್ನಡಕ್ಕೆ ಒದಗಿತು: ಗೋಲ್ಡನ್‌ಡಿಕ್ಟ್ ಜೊತೆ ಐದು ವರ್ಷ

ಮನೆಯಲ್ಲೇ ಕೂತು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಕೆಲಸ. ಮಳೆಗಾಲದಲ್ಲಿ ನಮ್ಮೂರಲ್ಲಿ ಕರೆಂಟು ಹೋದರೆ ನೆಟ್ಟೂ ಹೋಯಿತು ಎಂದೇ ಲೆಕ್ಕ. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇರುತ್ತದೆ, ಅರ್ಥ ನೋಡಲು ದಾರಿ ಇರುವುದಿಲ್ಲ. ಹಾಗಾಗಿ ನೆಟ್ ಬೇಡದ ನಿಘಂಟು ಬೇಕಿತ್ತು.

ಮೊದಲು ವರ್ಡ್‌ವೆಬ್ ಇಟ್ಟುಕೊಂಡಿದ್ದೆ. ಅದರ ಉಚಿತ ಆವೃತ್ತಿಗೆ ಒಂದು ತಮಾಷೆಯ ಷರತ್ತಿತ್ತು: ವಿಮಾನದಲ್ಲಿ ಜಾಸ್ತಿ ಓಡಾಡುವವರು ದುಡ್ಡು ಕೊಟ್ಟು ಕೊಳ್ಳಬೇಕು. ಪರಿಸರದ ಕಾಳಜಿಯಂತೆ. ಕೆಂಪು ಬಸ್ಸಿನ ಗಿರಾಕಿ ನಾನು, ನನಗೇನೂ ತೊಂದರೆಯಾಗಲಿಲ್ಲ. ಆದರೆ ಅದು ಇಂಗ್ಲಿಷಿಗೆ ಮಾತ್ರ. ಆಮೇಲೆ, ಹಲವು ನಿಘಂಟುಗಳನ್ನು ಒಟ್ಟಿಗೆ ಹುಡುಕಿಕೊಡುವ ಗೋಲ್ಡನ್‌ಡಿಕ್ಟ್ ಎಂಬ ತಂತ್ರಾಂಶಕ್ಕೆ ಬಂದೆ.

ಇದನ್ನು ಹಾಕಿಕೊಂಡ ದಿನ ಹೆಚ್ಚುಕಮ್ಮಿ ಖಾಲಿ ಕಪಾಟು ಮನೆಗೆ ಬಂದ ಹಾಗೆ. ನಿಘಂಟುಗಳನ್ನು ನಾವೇ ಹುಡುಕಿ ತಂದು ಜೋಡಿಸಬೇಕು. ಇದು ಓದಬಲ್ಲ ಫೈಲ್ ನಮೂನೆಗಳಲ್ಲಿ ಸ್ಟಾರ್‌ಡಿಕ್ಟ್ ಒಂದು, ಆ ರೂಪದ ಒಂದು ನಿಘಂಟು ಅಂದರೆ ಮುಖ್ಯವಾಗಿ ಮೂರು ಫೈಲು. ನಾನು ದೊಡ್ಡದನ್ನು ಇಟ್ಟುಕೊಂಡು, ಚಿಕ್ಕವೆರಡು ಕಸ ಎಂದು ಅಳಿಸಿಬಿಟ್ಟಿದ್ದೆ. ಅರ್ಧ ದಿನ ತಲೆ ಕೆರೆದುಕೊಂಡೆ. ಮೂರೂ ಒಂದೇ ಫೋಲ್ಡರಿನಲ್ಲಿರಬೇಕು.

ಇಂಗ್ಲಿಷಿಗೆ ವರ್ಡ್‌ನೆಟ್ ಹಾಕಿದ್ದೇನೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 1985ರಲ್ಲಿ ಶುರುವಾದದ್ದು, ಪುಕ್ಕಟೆ. ಒಂದೇ ಅರ್ಥದ ಪದಗಳನ್ನು ಗುಂಪು ಮಾಡಿಟ್ಟಿರುವುದರಿಂದ ಸಮಾನಪದಕೋಶವೂ ಅದೇ. ಆದರೆ ಕಣ್ಣುಮುಚ್ಚಿ ನಂಬಬೇಡಿ. 'ಡೈ' ಎಂದು ಹುಡುಕಿ ನೋಡಿ. 'ಪಾಸ್ ಅವೇ', 'ಎಕ್ಸ್‌ಪೈರ್', 'ಕಿಕ್ ದ ಬಕೆಟ್', 'ಕ್ರೋಕ್' ಎಲ್ಲವೂ ಒಂದೇ ಸಾಲಿನಲ್ಲಿ ಕೂತಿರುತ್ತವೆ. ಅದನ್ನು ನಂಬಿ ಬರೆದರೆ, ಶ್ರದ್ಧಾಂಜಲಿ ಫ್ಲೆಕ್ಸ್ ಮೇಲೆ 'ಯಜಮಾನರು ಗೊಟಕ್ ಎಂದರು' ಎಂದು ಹಾಕಿಸಿದ ಹಾಗಾಗುತ್ತದೆ, ಅಲ್ವಾ?

ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಅರ್ಥ ನೋಡುವ ಸಲೀಸು. ಪದವನ್ನು ಆಯ್ದು, ಕಂಟ್ರೋಲ್ ಒತ್ತಿಹಿಡಿದು ಎರಡು ಸಲ ಸಿ ಕುಟ್ಟಿದರೆ ಪುಟ್ಟ ಕಿಟಕಿಯಲ್ಲಿ ಅರ್ಥ ಬರುತ್ತದೆ. ಇಷ್ಟು ಸುಲಭ ಆದ್ದರಿಂದ ಗೊತ್ತಿರುವ ಪದವನ್ನೂ ಸುಮ್ನೆ ಒಮ್ಮೆ ನೋಡುತ್ತೇನೆ. ನಮಗೆ 'ಸ್ಯಾಂಕ್ಷನ್' ಅಂದರೆ ಸಾಲ ಮಂಜೂರಾಗುವುದು. ಒಂದು ಲೇಖನದಲ್ಲಿ ಅದೇ ಪದಕ್ಕೆ ನಿರ್ಬಂಧ ಎಂಬ ಅರ್ಥವಿತ್ತು. ಎರಡು ಸಲ ಸಿ ಕುಟ್ಟಿದ್ದಕ್ಕೆ ಮಾನ ಉಳಿಯಿತು.

ಕನ್ನಡಕ್ಕೆ 'ಅಲರ್' ಹಾಕಿಕೊಂಡೆ. ವಿ. ಕೃಷ್ಣ ಅವರು ದಶಕಗಟ್ಟಲೆ ಕೂತು ಮಾಡಿದ ಕನ್ನಡ–ಇಂಗ್ಲಿಷ್ ನಿಘಂಟು. 1.5 ಲಕ್ಷ ಪದಗಳಿವೆ, 2019ರಿಂದ ಎಲ್ಲರಿಗೂ ಮುಕ್ತ. ನನಗೆ ಬೇಕಿದ್ದದ್ದು ಇಂಗ್ಲಿಷ್–ಕನ್ನಡ, ಇದು ಉಲ್ಟಾ. ಇದರಿಂದ ನನಗೇನು ಉಪಯೋಗ ಎಂದು ಒಂದು ವರ್ಷ ಮೂಲೆಯಲ್ಲಿ ಬಿಟ್ಟಿದ್ದೆ. ಆಮೇಲೆ 'ಫುಲ್ ಟೆಕ್ಸ್ಟ್ ಸರ್ಚ್' ಕಣ್ಣಿಗೆ ಬಿತ್ತು. ಇದು ಅರ್ಥಗಳ ಒಳಗೂ ಹುಡುಕುತ್ತದೆ. ಇಂಗ್ಲಿಷ್ ಪದ ಕೊಟ್ಟರೆ, ಯಾವ ಯಾವ ಕನ್ನಡ ಪದದ ವಿವರಣೆಯಲ್ಲಿ ಅದು ಬಂದಿದೆಯೋ ಎಲ್ಲ ಸಾಲಾಗಿ ಬರುತ್ತವೆ. ಕನ್ನಡ ಸಮಾನಪದಕೋಶ ಕೈಗೆ ಸಿಕ್ಕ ಹಾಗೇ ಆಯಿತು. 'ಈವ್ಸ್' ಎಂಬುದಕ್ಕೆ ನಾನು 'ಛಾವಣಿಯ ಅಂಚು' ಎಂದು ಬರೆಯುತ್ತಿದ್ದೆ. ಹುಡುಕಿದಾಗ 'ಸೂರು' ಸಿಕ್ಕಿತು. ಸೂರು ಅಂದರೆ ಮನೆ ಎಂದಷ್ಟೇ ತಿಳಿದಿದ್ದ ನನಗೆ ಖುಷಿಯೋ ಖುಷಿ. ಅಮ್ಮನಿಗೆ ಹೇಳಿದರೆ, "ಸೂರಿನ ನೀರಿಗೆ ಕೊಡ ಇಡು ಅಂತ ವರ್ಷವೂ ಬಡ್ಕೋತೀನಲ್ಲ, ನನ್ನನ್ನೇ ಕೇಳಿದ್ರೆ ಆಗ್ತಿರಲಿಲ್ವಾ?" ಎಂದರು.

ಕಿರಿಕಿರಿಯೂ ಇದೆ. ಕನ್ನಡದ ಪ್ರತ್ಯಯ ಬಿಡಿಸುವುದು ನನ್ನ ಕಂಪ್ಯೂಟರಿನಲ್ಲಂತೂ ಆಗುತ್ತಿಲ್ಲ. 'ಸೂರಿನಿಂದಲೇ' ಎಂದು ಕೊಟ್ಟರೆ ಏನೂ ಸಿಗದು. ಬಾಲ ಕತ್ತರಿಸಿ 'ಸೂರು' ಮಾಡಿ ಕೊಡಬೇಕು. ಯೂನಿಕೋಡ್‌ಗೂ ಮುಂಚಿನ ಫಾಂಟಿನಲ್ಲಿರುವ ಹಳೆ ಕಡತದಿಂದ ಕಾಪಿ ಮಾಡಿದರೆ ಬರೀ ಗೋಜಲು ಅಕ್ಷರ ಹೋಗುತ್ತದೆ, ಅದು ಇದರ ತಪ್ಪಲ್ಲ ಬಿಡಿ. ಒತ್ತಕ್ಷರ ತೀರಾ ಚಿಕ್ಕದಾಗಿ ಕಾಣುತ್ತಿತ್ತು. ಅಕ್ಷರ ಹೇಗೆ ಕಾಣಬೇಕೆಂದು ಹೇಳುವ ಸ್ಟೈಲ್ ಫೈಲಿನಲ್ಲಿ ನೋಟೋ ಕನ್ನಡ ಫಾಂಟಿನ ಹೆಸರು ಬರೆದು ಸರಿಮಾಡಿಕೊಂಡೆ.

ಹೊಸದಾಗಿ ಹಾಕಿಕೊಳ್ಳುವವರು ಹಳೆಯ 1.0 ಸರಣಿಯದನ್ನು ಬಿಟ್ಟು, ಈಗ ಬೇರೆಯವರು ಮುಂದುವರಿಸುತ್ತಿರುವ ಗೋಲ್ಡನ್‌ಡಿಕ್ಟ್-ಎನ್‌ಜಿ ತೆಗೆದುಕೊಳ್ಳಿ. ಹಳೆಯದರಲ್ಲಿ ಆ ಒಳಹುಡುಕಾಟ ಇಲ್ಲ. ಮೊದಲ ಸಲ ನಿಘಂಟುಗಳನ್ನೆಲ್ಲ ಓದಿ ಹುಡುಕಾಟಕ್ಕೆ ಬೇಕಾದ ಸೂಚಿ (ಇಂಡೆಕ್ಸ್) ಕಟ್ಟಿಕೊಳ್ಳಲು ಹೊತ್ತು ಹಿಡಿಯುತ್ತದೆ. ಅದನ್ನು ಕರೆಂಟು ಇರುವಾಗಲೇ ಮುಗಿಸಿಕೊಳ್ಳಿ.