ಪಿ53 ನೋಡೋಕೆ ಐಎಚ್‌ಸಿ ಸಾಕಾ, ಜೀನ್ ಪ್ಯಾನೆಲ್ ಬೇಕಾ?

ಕ್ಯಾನ್ಸರ್ ಗಡ್ಡೆಯಲ್ಲಿ ಪಿ53 ಅನ್ನುವ ಪ್ರೋಟೀನ್ ಕೆಟ್ಟಿದೆಯಾ ಅಂತ ನೋಡೋಕೆ ಎರಡು ದಾರಿ: ಗಡ್ಡೆಯಿಂದ ತೆಗೆದ ಬಯಾಪ್ಸಿ ತುಂಡಿಗೆ ಬಣ್ಣ ಹಾಕಿ ನೋಡುವ ಐಎಚ್‌ಸಿ, ಇಲ್ಲವೇ ಜೀನ್‌ಗಳನ್ನೇ ಓದುವ ಜೀನ್ ಪ್ಯಾನೆಲ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಐಎಚ್‌ಸಿಗೆ. ಎರಡಕ್ಕೂ ದುಡ್ಡು ಕಟ್ಟಿದ ಮೇಲೆ ಬಂದ ಬುದ್ಧಿ ಇದು.

ಅಪ್ಪನಿಗೆ ಮೊದಲು ಮುದ್ದೆ ಗಂಟಲಲ್ಲಿ ನಿಲ್ಲುತ್ತಿತ್ತು, ಆಮೇಲೆ ಮಜ್ಜಿಗೆ ಅನ್ನವೂ ಇಳಿಯದಾಯಿತು. ಗುಬ್ಬಿಯಿಂದ ತುಮಕೂರಿಗೆ ಕರೆದುಕೊಂಡು ಹೋಗಿ ಎಂಡೋಸ್ಕೋಪಿ ಮಾಡಿಸಿದೆವು. ಅನ್ನನಾಳದ ಕ್ಯಾನ್ಸರ್, ಒಳಪದರದ ಚಪ್ಪಟೆ ಕೋಶದಲ್ಲಿ ಹುಟ್ಟುವ ಸ್ಕ್ವಾಮಸ್ ಜಾತಿಯದು. ನಲವತ್ತು ವರ್ಷ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕಿದ ಬಾಯಿ ಅದು. ಬೆಂಗಳೂರಿನ ಭಾವ ಮೊಬೈಲ್‌ನಲ್ಲಿ ಏನೇನೋ ಓದಿ, "ಪಿ53 ನೋಡಿಸೋ, ಮುಂದೆ ಹೇಗಾಗುತ್ತೆ ಅಂತ ಗೊತ್ತಾಗುತ್ತೆ" ಅಂದರು.

ಡಿಎನ್‌ಎ ಕೆಟ್ಟ ಕೋಶ ಬೆಳೆಯದ ಹಾಗೆ ತಡೆಯುವ ಪ್ರೋಟೀನ್ ಈ ಪಿ53. 1979ರಲ್ಲಿ ಸಿಕ್ಕಾಗ ಇದೇ ಕ್ಯಾನ್ಸರ್ ತರುತ್ತದೆ ಅಂದುಕೊಂಡಿದ್ದರಂತೆ. ತಡೆಯುವುದು ಅಂತ ತಿಳಿಯೋಕೆ ಹತ್ತು ವರ್ಷ ಹಿಡಿಯಿತು.

ಐಎಚ್‌ಸಿ ಅಂದರೆ ಬಯಾಪ್ಸಿ ತುಂಡಿನಿಂದ ತೆಳು ಪದರ ಕೊಯ್ದು ಬಣ್ಣ ಹಾಕಿ ನೋಡುವುದು. ಸರಿಯಿರುವ ಪಿ53 ಬೇಗ ಕರಗಿಹೋಗುತ್ತದೆ, ಹಾಗಾಗಿ ಬಣ್ಣ ಅಲ್ಲಲ್ಲಿ ಮಂಕಾಗಿ ಕಾಣುತ್ತದೆ. ಕೆಟ್ಟದ್ದು ಸಾಮಾನ್ಯವಾಗಿ ಕರಗದೆ ಕೂರುತ್ತದೆ, ಗಾಢ ಕಂದು ಬಣ್ಣ ಬರುತ್ತದೆ. ನಮ್ಮ ರಿಪೋರ್ಟಿನಲ್ಲಿ "ನೆಗೆಟಿವ್" ಅಂತ ಬಂತು. ಅಮ್ಮ ಆಗಲೇ ಎಡೆಯೂರಿಗೆ ಹೋಗಿ ಬರೋಣ ಅಂತ ಹೊರಟರು.

ಸ್ಲೈಡ್ ನೋಡಿದ ಪೆಥಾಲಜಿ ಡಾಕ್ಟರು ನನ್ನನ್ನು ಕೂರಿಸಿ ಹೇಳಿದರು: "ಪಕ್ಕದ ಒಳ್ಳೆ ಕೋಶದಲ್ಲಿ ಸ್ವಲ್ಪನಾದ್ರೂ ಬಣ್ಣ ಇದೆ ನೋಡಿ. ಗಡ್ಡೆಯಲ್ಲಿ ಒಂದು ಚುಕ್ಕೆನೂ ಇಲ್ಲ. ಅಲ್ಲಿ ಪ್ರೋಟೀನೇ ತಯಾರಾಗ್ತಿಲ್ಲ, ಜೀನ್ ಕೆಟ್ಟಿರಬೇಕು." ನೆಗೆಟಿವ್ ಅಂದರೆ ಒಳ್ಳೆಯದು ಅಂದುಕೊಂಡವರ ಮುಖ ಸಪ್ಪಗಾಯಿತು.

"ಇರಬೇಕು ಅಂದ್ರೆ ಏನರ್ಥ? ಖಾತ್ರಿ ಮಾಡ್ಕೊಳ್ಳೋಣ" ಅಂದರು ಭಾವ. ಜೀನ್ ಪ್ಯಾನೆಲ್‌ಗೆ ಬಂದದ್ದು ಹೀಗೆ. ತಿಪಟೂರಿನಲ್ಲಿ ಕೊಬ್ಬರಿ ಮಾರಿ ಬಂದ ದುಡ್ಡೆಲ್ಲ ಅದಕ್ಕೇ ಹೋಯಿತು.

ದುಡ್ಡಿಗಿಂತ ಜಾಸ್ತಿ ಕಾಡಿದ್ದು ಬ್ಲಾಕ್. ಬಯಾಪ್ಸಿ ತುಂಡನ್ನು ಮೇಣದಲ್ಲಿ ಕೂರಿಸಿ ಲ್ಯಾಬ್‌ನಲ್ಲಿ ಇಟ್ಟಿರುತ್ತಾರೆ. ಐಎಚ್‌ಸಿ ಆ ಲ್ಯಾಬ್‌ನವರೇ ಮಾಡಿಸಿಕೊಟ್ಟಿದ್ದರು, ನಾನು ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಪ್ಯಾನೆಲ್‌ಗೆ ಬ್ಲಾಕನ್ನೇ ಬೆಂಗಳೂರಿಗೆ ಕೊಡಬೇಕು. ಮೊದಲ ದಿನ, "ಬ್ಲಾಕ್ ಕೊಡಲ್ಲ, ಸ್ಲೈಡ್ ತಗೊಂಡು ಹೋಗಿ" ಅಂದರು. ಎರಡನೇ ದಿನ ಡಾಕ್ಟರ ಚೀಟಿ ಕೇಳಿದರು. ಚೀಟಿ ತಂದರೆ ಅಪ್ಪನ ಸಹಿ ಇಲ್ಲ. ಸಹಿ ಹಾಕಿಸಿಕೊಂಡು ಹೋದರೆ ಶನಿವಾರ, ಕೊಡುವವರು ಮಧ್ಯಾಹ್ನಕ್ಕೇ ಮನೆಗೆ.

ಕೊನೆಗೂ ಕೈಗೆ ಬಂತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಏಪ್ರಿಲ್ ಬಿಸಿಲು, ಮೇಣ ಕರಗಿಬಿಟ್ಟರೆ ಅಂತ ಸ್ಟೀಲ್ ಡಬ್ಬಿಯಲ್ಲಿಟ್ಟು, ಒದ್ದೆ ಟವೆಲ್ ಸುತ್ತಿ, ರೈಲಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋದೆ. ಪಕ್ಕದವರು ಊಟದ ಡಬ್ಬಿ ಅಂದುಕೊಂಡಿರಬೇಕು. ವಾರ ಕಳೆದು ಫೋನ್ ಬಂತು: ಇದರಲ್ಲಿ ಗಡ್ಡೆಯ ಭಾಗ ಸಾಲದು, ಇನ್ನೊಂದು ಬ್ಲಾಕ್ ಇದೆಯಾ? ಇತ್ತು! ಎ, ಬಿ ಅಂತ ಎರಡು ಮಾಡಿದ್ದರು, ನನಗೆ ಎ ಮಾತ್ರ ಕೊಟ್ಟಿದ್ದರು. ಮತ್ತೆ ಚೀಟಿ, ಮತ್ತೆ ಸಹಿ.

ಪ್ಯಾನೆಲ್ ರಿಪೋರ್ಟ್ ಹತ್ತಾರು ಪುಟ. ಅದರ ಒಂದು ಸಾಲು: ಪಿ53 ತಯಾರಿಸುವ ಟಿಪಿ53 ಜೀನ್ ಕೆಟ್ಟಿದೆ, ಪ್ರೋಟೀನ್ ಅರ್ಧಕ್ಕೇ ನಿಲ್ಲುತ್ತದೆ. ಪೆಥಾಲಜಿ ಡಾಕ್ಟರು ತಿಂಗಳ ಹಿಂದೆ ಹೇಳಿದ್ದೂ ಇದನ್ನೇ ಅಲ್ವಾ?

ಪ್ಯಾನೆಲ್ ಒಂದೇ ಸಲಕ್ಕೆ ತುಂಬಾ ಜೀನ್ ನೋಡುತ್ತದೆ, ಅದು ನಿಜ. ಕೆಲವರಿಗೆ ಅದರಿಂದ ಔಷಧಿಯ ದಾರಿ ಸಿಗಬಹುದು. ನಮಗೆ ಸಿಗಲಿಲ್ಲ.

ಕ್ಯಾನ್ಸರ್ ಡಾಕ್ಟರು ಎರಡೂ ರಿಪೋರ್ಟ್ ಪಕ್ಕಕ್ಕಿಟ್ಟರು. ಈ ಜಾತಿಯ ಕ್ಯಾನ್ಸರ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಟಿಪಿ53 ಕೆಟ್ಟೇ ಇರುತ್ತದಂತೆ, ಹಾಗಾಗಿ ಅದೊಂದನ್ನೇ ಹಿಡಿದು ಇವರು ಬದುಕುತ್ತಾರೆ, ಅವರು ಇಲ್ಲ ಅನ್ನೋಕಾಗಲ್ಲ. ಅಧ್ಯಯನಗಳೂ ಒಂದೇ ಮಾತು ಹೇಳಿಲ್ಲ. ಡಾಕ್ಟರು ನೋಡಿದ್ದು ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ, ಎಷ್ಟು ಲಿಂಫ್ ಗಂಟಿಗೆ ಹೋಗಿದೆ, ಆಪರೇಷನ್‌ನಲ್ಲಿ ಪೂರ್ತಿ ತೆಗೆಯೋಕಾಗುತ್ತಾ ಅನ್ನುವುದನ್ನು. ಆಮೇಲೆ ಪಿಡಿ-ಎಲ್1 ಅನ್ನುವ ಬೇರೆ ಪ್ರೋಟೀನ್ ನೋಡೋಕೆ ಇನ್ನೊಂದು ಐಎಚ್‌ಸಿ ಬರೆದರು. ಮುಂದೆ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧಿ, ಬೇಕಾದರೆ ಅದು ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ಅಷ್ಟರಲ್ಲಿ ಬ್ಲಾಕ್‌ನಲ್ಲಿ ಉಳಿದದ್ದು ಎಳ್ಳಿನಷ್ಟು. ಪರೀಕ್ಷೆಗೆ ಅದೇ ಸಾಲಿತು, ಪುಣ್ಯ.

ನನ್ನ ಹಾಗೆ ತೋಟ ನಂಬಿಕೊಂಡವರು, ಆಫೀಸು ಆಫೀಸು ಅಲೆಯೋಕೆ ಬೇಜಾರುಪಡುವವರು ಐಎಚ್‌ಸಿ ಮಾಡಿಸಿ, ಸ್ಲೈಡ್ ಓದಿದವರ ಹತ್ತಿರವೇ ಹೋಗಿ ಕೂತು ಕೇಳಿ. ಪ್ಯಾನೆಲ್ ಅನ್ನು ಡಾಕ್ಟರೇ ಕೇಳಿದರೆ ಮಾಡಿಸಿ, ಭಾವ ಕೇಳಿದರೆ ಬೇಡ.