ಅಂಟುವಾಳವೋ, ಸೋಪಿನ ಪಾಕವೋ: ಕೊಳವೆಬಾವಿ ನೀರಿನ ಮನೆಯಲ್ಲಿ

ತುಮಕೂರಿನ ನಮ್ಮ ಮನೆಯಲ್ಲಿ ಈಗ ಶಾಲೆಯ ಬಿಳಿ ಅಂಗಿಗಳನ್ನು ಬಿಟ್ಟರೆ ದಿನದ ಬಟ್ಟೆಗೆಲ್ಲ ಅಂಟುವಾಳದ ನೀರೇ. ಅಜ್ಜಿ ಇದನ್ನು ರೇಷ್ಮೆ ಸೀರೆಗೆ ಮಾತ್ರ ಬಳಸುತ್ತಿದ್ದರು. ಈ ಕಾಯಿಗೆ ಬರುವ ಮೊದಲು ನಾನು ನಾಲ್ಕು ತಿಂಗಳು ಸೋಪಿನ ಪಾಕದಲ್ಲಿ ಒಗೆದೆ. ಆ ನಾಲ್ಕು ತಿಂಗಳಲ್ಲಿ ಮಗನ ಎರಡು ಬಿಳಿ ಶಾಲಾ ಅಂಗಿಗಳು ಹಾಳಾದವು.

ಪಾಕದ ಲೆಕ್ಕ ಶಿವಮೊಗ್ಗದ ಅಕ್ಕನದು. ಬಟ್ಟೆ ಸೋಪು 200 ಗ್ರಾಂ ತುರಿದು, ಬಿಸಿ ನೀರಿನಲ್ಲಿ ಕರಗಿಸಿ, 200 ಗ್ರಾಂ ವಾಷಿಂಗ್ ಸೋಡಾ ಸೇರಿಸಿ 5 ಲೀಟರ್ ಮಾಡಬೇಕು. ಅಡುಗೆ ಸೋಡಾ ಬೇರೆ, ಅದು ಇಲ್ಲಿ ಸಾಲದು. ತಣ್ಣಗಾದ ಮೇಲೆ ಪಾಕ ಗಂಜಿಯಂತೆ ಗಟ್ಟಿಯಾಗುತ್ತದೆ. ಒಂದು ಸಲದ ಒಗೆತಕ್ಕೆ ಒಂದು ರೂಪಾಯಿಯೂ ಬೀಳಲಿಲ್ಲ. ಅಕ್ಕನ ಮನೆಯ ಬಟ್ಟೆಗಳು ಶುಭ್ರವಾಗಿದ್ದುದನ್ನು ಕಣ್ಣಾರೆ ನೋಡಿಯೇ ನಾನು ಮಾಡಿದ್ದು.

ಮೊದಲು ಗೊತ್ತಾದದ್ದು ಟವೆಲ್‌ನಲ್ಲಿ. ಸ್ನಾನ ಮಾಡಿ ಮೈ ಒರೆಸಿಕೊಂಡರೆ ನೀರನ್ನು ಹೀರುತ್ತಲೇ ಇರಲಿಲ್ಲ, ಮೈಮೇಲೆ ಸವರಿದಂತಾಗುತ್ತಿತ್ತು. ಟವೆಲ್ ಹಳೆಯದಾಯಿತೆಂದು ಹೊಸದು ತಂದೆ. ಮೂರು ವಾರದಲ್ಲಿ ಅದೂ ಹಾಗೆಯೇ ಆಯಿತು. ಅಂಗಿಗಳ ಕಾಲರು ಬೂದುಬಣ್ಣಕ್ಕೆ ತಿರುಗಿತು. ಯಂತ್ರದ ಬಾಗಿಲಿನ ರಬ್ಬರ್ ಮಡಿಕೆಯಲ್ಲಿ ಬೆರಳಾಡಿಸಿದರೆ ಮೇಣದಂಥ ಬಿಳಿ ಜಿಡ್ಡು ಅಂಟಿಕೊಳ್ಳುತ್ತಿತ್ತು. ಸೋಪು ಹೆಚ್ಚು ಹಾಕಿದೆ, ಜಿಡ್ಡು ಹೆಚ್ಚಿತು. ಸೋಡಾ ಹೆಚ್ಚು ಹಾಕಿದೆ, ಬಟ್ಟೆ ಒಣಗಿದ ಮೇಲೆ ರಟ್ಟಿನಂತೆ ಒರಟಾಯಿತು.

ಅಕ್ಕನ ಮನೆಗೆ ಬರುವುದು ತುಂಗೆಯ ನೀರು, ನಮಗೆ ಕೊಳವೆಬಾವಿಯ ಗಡಸು ನೀರು ಎನ್ನುವುದು ಬಹಳ ತಡವಾಗಿ ಹೊಳೆಯಿತು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ನೀರಿನಲ್ಲಿ ಕರಗದ ಜಿಡ್ಡಾಗುತ್ತವೆ. ಅದು ಬಟ್ಟೆಯ ಎಳೆ ಎಳೆಗೂ ಕೂರುತ್ತದೆ, ಕೊಳೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಸೋಡಾ ಹಾಕಿದರೆ ಆ ಕ್ಯಾಲ್ಸಿಯಂ ಸುಣ್ಣದ ಪುಡಿಯಾಗಿ ತಳಕ್ಕಿಳಿಯುತ್ತದೆ ನಿಜ, ಆದರೆ ಅದರಲ್ಲಿ ಒಂದಷ್ಟು ಬಟ್ಟೆಯ ಮೇಲೇ ಉಳಿಯುತ್ತದೆ. ಅಂಗಡಿಯ ಡಿಟರ್ಜೆಂಟ್ ಪುಡಿ ಇದೇ ನೀರಿನಲ್ಲಿ ಸರಿಯಾಗಿ ಒಗೆಯುತ್ತಿದ್ದುದೂ ಇದಕ್ಕೇ. ಅದು ಸೋಪಲ್ಲ, ಅದರಿಂದ ಇಂಥ ಜಿಡ್ಡು ಹುಟ್ಟುವುದಿಲ್ಲ. ಟವೆಲ್‌ಗಳನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ಒಂದು ಗಂಟೆ ನೆನೆಸಿ, ಚೆನ್ನಾಗಿ ಜಾಲಿಸಿ, ಬಿಸಿ ನೀರಿನಲ್ಲಿ ಆ ಪುಡಿ ಹಾಕಿ ಒಗೆದ ಮೇಲೆ ಸರಿಹೋದವು. ಅಂಗಿಗಳು ಮಾತ್ರ ಮತ್ತೆ ಬಿಳಿಯಾಗಲಿಲ್ಲ.

ಅಂಟುವಾಳದ ನೊರೆಯೂ ಸೋಪಲ್ಲ, ಕಾಯಿಯ ಸಿಪ್ಪೆಯಲ್ಲಿರುವ ಸಪೋನಿನ್. ಗಡಸು ನೀರಿನೊಂದಿಗೆ ಅದಕ್ಕೆ ಜಗಳವಿಲ್ಲ. ಗ್ರಂಧಿಗೆ ಅಂಗಡಿಯಲ್ಲಿ ನಾನು ಕೊಂಡದ್ದು ಕಿಲೋಗೆ 200 ರೂಪಾಯಿಯಂತೆ, ಬೀಜ ತೆಗೆದದ್ದು. ನೂರು ಗ್ರಾಂ ಕಾಯಿಯನ್ನು ರಾತ್ರಿ ಒಂದೂವರೆ ಲೀಟರ್ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ 20 ನಿಮಿಷ ಕುದಿಸಿ, ಆರಿದ ಮೇಲೆ ಕಿವುಚಿ ಸೋಸಿದರೆ ಹತ್ತು ಸಲಕ್ಕಾಗುತ್ತದೆ. ಸಲಕ್ಕೆ ಎರಡು ರೂಪಾಯಿ, ಗ್ಯಾಸ್ ಬೇರೆ. ಕಿವುಚುವಾಗ ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ, ಬಹಳ ಉರಿಯುತ್ತದೆ. ಸಪೋನಿನ್ ಮೀನುಗಳಿಗೆ ವಿಷ, ಆದ್ದರಿಂದ ಒಗೆದ ನೀರನ್ನು ಕೆರೆಗೋ ಮೀನಿನ ತೊಟ್ಟಿಗೋ ಬಿಡಬಾರದು.

ಕೊರತೆಗಳಿವೆ. ಹೊರಗಿಟ್ಟರೆ ಮೂರನೆಯ ದಿನಕ್ಕೆ ಹುಳಿ ವಾಸನೆ ಬರುತ್ತದೆ, ಹಾಗಾಗಿ ಫ್ರಿಜ್‌ನ ಒಂದು ಮೂಲೆ ಅದಕ್ಕೇ ಮೀಸಲು. ಎಣ್ಣೆ, ಅರಿಸಿನದ ಕಲೆ ಹೋಗುವುದಿಲ್ಲ. ಬಿಳಿ ಬಟ್ಟೆಗೆ ತುಸು ಕಂದು ಛಾಯೆ ಬರುವುದರಿಂದ ಶಾಲೆಯ ಅಂಗಿಗಳಿಗೆ ಈಗಲೂ ಅಂಗಡಿಯ ಪುಡಿಯನ್ನೇ ಹಾಕುತ್ತೇನೆ.

ನಿಂಬೆ, ಮೂಸಂಬಿ ಸಿಪ್ಪೆಯನ್ನು ಹುದುಗಿಸಿ ಮಾಡುವ ಬಯೋ ಎಂಜೈಮ್ ದ್ರವವನ್ನೂ ನೋಡಿದೆ. ಬೆಲ್ಲ ಒಂದು ಪಾಲು, ಸಿಪ್ಪೆ ಮೂರು, ನೀರು ಹತ್ತು, ಮೂರು ತಿಂಗಳ ಕಾಯುವಿಕೆ. ನೆಲ ಒರೆಸಲು ಚೆನ್ನಾಗಿದೆ, ಬಟ್ಟೆಗೆ ಸಾಲದು.

ವಾರಕ್ಕೆ ನಾಲ್ಕು ಸಲ ಒಗೆಯುವ, ಭಾನುವಾರ ಬೆಳಿಗ್ಗೆ ಒಲೆಯ ಮುಂದೆ ಅರ್ಧ ಗಂಟೆ ನಿಲ್ಲಲು ಬೇಸರಪಡದ ನನಗೆ ಅಂಟುವಾಳವೇ ಸರಿ. ನದಿ ನೀರು ಬರುವ ಮನೆಯಾದರೆ ಸೋಪಿನ ಪಾಕವನ್ನು ಧಾರಾಳವಾಗಿ ಮಾಡಿ, ಅದು ಅಗ್ಗ. ಉಳಿದಿದ್ದ ಎರಡು ಡಬ್ಬ ಪಾಕವನ್ನು ಕಳೆದ ತಿಂಗಳು ಶಿವಮೊಗ್ಗಕ್ಕೆ ಹೋದಾಗ ಅಕ್ಕನಿಗೆ ಕೊಟ್ಟು ಬಂದೆ. ಅವಳ ಟವೆಲ್‌ಗಳು ಈಗಲೂ ಮೆತ್ತಗಿವೆ.